ಚೀಟಿಯಲ್ಲಿಲ್ಲದ್ದು

ಕಂಪೌಂಡರ್ ಹತ್ತಿರ ಏನನ್ನು ಕೇಳಲು ಹೋದರೂ ಮೊದಲು ಅವನದೊಂದು ಪ್ರಶ್ನೆಗೆ ಉತ್ತರ ಕೊಡಬೇಕಿತ್ತು. ಎಲ್ಲಿ ಬರೆದಿದೆ? ಆಸ್ಪತ್ರೆಯ ಔಷಧಿ ಕಿಟಕಿಯ ಹಿಂದೆ ಮೂವತ್ತೆಂಟು ವರ್ಷ ನಿಂತು ಅವನು ಕೇಳಿದ್ದು ಅದೊಂದೇ. "ಕೆಮ್ಮಿಗೂ ಏನಾದ್ರೂ ಕೊಡಿ ಸಾರ್, ಡಾಕ್ಟ್ರು ಬಾಯಲ್ಲಿ ಹೇಳಿದ್ರು" ಎಂದು ರೋಗಿ ಗೋಗರೆದರೆ, ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ ಚೀಟಿಯನ್ನು ಎರಡೆರಡು ಸಲ ಓದುತ್ತಿದ್ದ. "ಇದ್ರಲ್ಲಿ ಎಲ್ಲಿ ಬರ್ದಿದೆ, ತೋರ್ಸಿ. ತೋರ್ಸಿದ್ರೆ ಕೊಡ್ತೀನಿ."

ಬೇಡವೆಂದೂ ಬರೆದಿಲ್ಲವಲ್ಲ ಎಂದು ತಗಾದೆ ತೆಗೆದವರಿಗೂ ಉತ್ತರ ಸಿದ್ಧವಿರುತ್ತಿತ್ತು. "ಹಿಂದೆ ಕಪಾಟಲ್ಲಿ ನಾನೂರು ಬಾಟ್ಲಿ ಇವೆ. ಇದು ಬೇಡ, ಅದು ಬೇಡ ಅಂತ ನಾನೂರನ್ನೂ ಬರೀತಾ ಕೂತ್ಕೋಬೇಕಾ ಅವ್ರು? ಬೇಕಾದ್ದನ್ನ ಬರೆದ್ರು. ಮಿಕ್ಕಿದ್ದೆಲ್ಲ ಬೇಡ ಅಂತಾನೇ ಅರ್ಥ."

ಮಾತಿನಲ್ಲಿ ನ್ಯಾಯವಿತ್ತು, ಇಲ್ಲವೆನ್ನಲಾಗದು. ಆ ಕಿಟಕಿಯಿಂದ ತಪ್ಪು ಮದ್ದು ತೆಗೆದುಕೊಂಡು ಹೋದವರು ಒಬ್ಬರೂ ಇರಲಿಲ್ಲ. ತೊಂದರೆ ಶುರುವಾದದ್ದು ಆ ನ್ಯಾಯವನ್ನೇ ಅವನು ಭಾನುವಾರಗಳಂದು ಮೆಟ್ಟಿಲು ಹತ್ತಿಸಿ ಸಭೆಗೂ ತಂದಾಗ.

ಸಭೆಯೆಂದರೆ ಕ್ರೈಸ್ತರ ಪ್ರಾರ್ಥನಾ ಸಭೆ, ದೊಡ್ಡದೇನಲ್ಲ. ಸೈಕಲ್ ಅಂಗಡಿಯ ಮೇಲಿನ ಉದ್ದನೆಯ ಕೋಣೆ, ಇಪ್ಪತ್ತೆರಡು ಮೆಟ್ಟಿಲು, ಹದಿನಾಲ್ಕು ಬೆಂಚು, ಐವತ್ತೋ ಅರವತ್ತೋ ಜನ. ಪಾದ್ರಿಯಿಲ್ಲ, ಮೂವರು ಹಿರಿಯರದೇ ಯಜಮಾನಿಕೆ. ಪ್ರತಿ ಭಾನುವಾರ ಒಂದು ರೊಟ್ಟಿ ಮುರಿದು ಹಂಚಿ, ಒಂದೇ ಬಟ್ಟಲಿನಿಂದ ಎಲ್ಲರೂ ಒಂದೊಂದು ಗುಟುಕು ದ್ರಾಕ್ಷಾರಸ ಕುಡಿದು ಕರ್ತನ ಸಾವನ್ನು ನೆನೆಯುವುದು ಅವರ ಪದ್ಧತಿ. ಕಂಪೌಂಡರ್ ಹಿರಿಯನಾದ ವರ್ಷವೇ ಮೇಜಿನ ಮೇಲಿನ ಹೂದಾನಿ ಹೊರಟಿತು. ಮರುವರ್ಷ ಗೋಡೆಯ ಶಿಲುಬೆ ಇಳಿಯಿತು. ಎಲ್ಲರೂ ಒಂದೇ ಬಟ್ಟಲಿಗೆ ಬಾಯಿಡುವುದು ಯಾಕೆ, ಪುಟ್ಟ ಪುಟ್ಟ ಲೋಟ ತರೋಣ ಎಂದ ಹುಡುಗಿಯರಿಗೆ ಅವನು ಬೈಬಲಿನಲ್ಲಿ ಬರೆದಿರುವ, ದೇವರು ಹೇಳದ ಬೆಂಕಿಯನ್ನು ಧೂಪಕ್ಕೆ ಹಾಕಿ ಸುಟ್ಟು ಬೂದಿಯಾದ ಅಣ್ಣತಮ್ಮಂದಿರ ಕಥೆ ಹೇಳಿದ. "ಆ ಬೆಂಕಿ ತರಬೇಡಿ ಅಂತ ದೇವ್ರು ಹೇಳಿದ್ನಾ? ಇಲ್ಲ. ತನ್ನಿ ಅಂತ ಹೇಳಿರ್ಲಿಲ್ಲ. ಅಷ್ಟೇ ಸಾಕಾಯ್ತು." ಹುಡುಗಿಯರು ಲೋಟದ ಮಾತು ಬಿಟ್ಟರು. ಮಕ್ಕಳು ಮಾತ್ರ ಅವನ ಬೆನ್ನ ಹಿಂದೆ 'ಎಲ್ಲಿಬರ್ದಿದೆ ತಾತ' ಎಂದು ಹೆಸರಿಟ್ಟು ನಗುತ್ತಿದ್ದರು.

ಒಮ್ಮೆ ಸೆಖೆಗಾಲದಲ್ಲಿ ವೆಲ್ಡರ್ ಒಬ್ಬ, ಆಗಷ್ಟೇ ಸಭೆಗೆ ಸೇರಿದ್ದವನು, ಮೇಲೆ ಕೈ ತೋರಿಸಿ, "ಅಣ್ಣಾ, ಈ ಫ್ಯಾನ್ ಎಲ್ಲಿ ಬರ್ದಿದೆ?" ಎಂದ. ಸಭೆಯೆಲ್ಲ ಗೊಳ್ಳೆಂದಿತು. ಕಂಪೌಂಡರ್ ನಗಲಿಲ್ಲ. "ಕೂಡಿ ಬನ್ನಿ ಅಂತ ಬರ್ದಿದೆ. ಕೂಡಿದವ್ರಿಗೆ ಗಾಳಿ ಬೇಕು. ಹೇಳಿದ್ದನ್ನ ಮಾಡೋಕೆ ಅನುಕೂಲ ಮಾಡ್ಕೊಳ್ಳೋದು ಬೇರೆ, ಹೇಳದೇ ಇದ್ದದ್ದನ್ನ ತಂದು ಸೇರಿಸೋದು ಬೇರೆ" ಎಂದ. ತಮಾಷೆಗೆ ಬಾಯಿ ಹಾಕಿದ ವೆಲ್ಡರ್ ಅಂದೇ ಅವನ ಶಿಷ್ಯನಾದ. ಒಂದು ನೂರು ಹಾಳೆಯ ನೋಟ್‌ಬುಕ್ ಕೊಂಡು, ಕಂಪೌಂಡರ್ ಹೇಳಿದ್ದನ್ನೆಲ್ಲ ತಾರೀಖು ಹಾಕಿ ಬರೆದುಕೊಳ್ಳತೊಡಗಿದ. ಹತ್ತು ವರ್ಷದಲ್ಲಿ ಅವನೂ ಹಿರಿಯನಾದ. ಮೂರನೆಯವರು ನಿವೃತ್ತ ಲೆಕ್ಕದ ಮೇಷ್ಟ್ರು. ಜಗಳಕ್ಕೆ ಹೆದರುವ ಸಾಧು ಪ್ರಾಣಿ.

ರೊಟ್ಟಿ ಸುಡುತ್ತಿದ್ದವಳು ಕಂಪೌಂಡರ್‌ನ ಹೆಂಡತಿ. ಶನಿವಾರ ಸಂಜೆ ಹುಳಿಯಿಲ್ಲದ ಹಿಟ್ಟು ನಾದಿ, ಅಂಗೈಯಗಲ ತಟ್ಟಿ, ಕಪ್ಪು ಚುಕ್ಕೆ ಬೀಳದಂತೆ ಬೇಯಿಸುತ್ತಿದ್ದಳು. ಮೊದಮೊದಲು ಚಿಟಿಕೆ ಉಪ್ಪು ಹಾಕುತ್ತಿದ್ದಳು. ಅದೂ ಅವನ ಕಣ್ಣಿಗೆ ಬಿತ್ತು. ಉಪ್ಪು ಎಲ್ಲಿ ಬರೆದಿದೆ? "ಸರಿ ಬಿಡಿ, ನಿಮ್ಮ ಕೈಗೆ ಸಿಕ್ಕಿದ್ರೆ ಉಪ್ಪೂ ಉಳಿಯಲ್ಲ" ಎಂದು ಅವಳು ನಕ್ಕು ಡಬ್ಬಿಯನ್ನು ಮೇಲಿಟ್ಟಳು. ಇಪ್ಪತ್ತೊಂಬತ್ತು ವರ್ಷ ಸಭೆಯವರೆಲ್ಲ ಸಪ್ಪೆ ರೊಟ್ಟಿ ತಿಂದರು. ಅವರಿಬ್ಬರಿಗೆ ಮಕ್ಕಳಿರಲಿಲ್ಲ. ಅವನ ಹಟವನ್ನು ಅವಳು ಮನೆಯ ಇನ್ನೊಂದು ಪ್ರಾಣಿಯ ಹಾಗೆ ಸಾಕಿಕೊಂಡಿದ್ದಳು.

ಒಂದು ಸಂಗತಿಗೆ ಮಾತ್ರ ಅವಳು ನಗಲಿಲ್ಲ. ಸಭೆಯಲ್ಲಿ ಇಸ್ತ್ರಿ ಅಂಗಡಿಯ ಅಕ್ಕ ಎಂದೊಬ್ಬಳಿದ್ದಳು. ಅವಳ ತಾಯಿ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಾಗ, ಒಂದು ಚೂರು ರೊಟ್ಟಿ ಮನೆಗೆ ಒಯ್ಯಲೇ ಎಂದು ಬಂದು ಕೇಳಿದಳು. ಕೂಡಿ ಬಂದಾಗ ತಿನ್ನಬೇಕೆಂದಿದೆಯೇ ಹೊರತು ಪೊಟ್ಟಣ ಕಟ್ಟಿ ಮನೆಮನೆಗೆ ಹಂಚಬೇಕೆಂದು ಬರೆದಿಲ್ಲ ಎಂದ ಕಂಪೌಂಡರ್. ಕನಿಕರ ಅನಿಸಲಿಲ್ಲವೆಂದಲ್ಲ. "ಕನಿಕರದ ಹೆಸರಲ್ಲೇ ಎಲ್ಲ ಹೊಸದೂ ಒಳಗೆ ನುಗ್ಗೋದು" ಎಂದೂ ಹೇಳಿದ. ವೆಲ್ಡರ್ ಅದನ್ನು ಬರೆದುಕೊಂಡ. ಎರಡು ವರ್ಷ ಮಲಗಿದ್ದ ಮುದುಕಿ ರೊಟ್ಟಿಯಿಲ್ಲದೆಯೇ ಸತ್ತಳು. ಆ ದಿನ ಮನೆಯಲ್ಲಿ ಹೆಂಡತಿ ಅವನಿಗೆ ಊಟಕ್ಕೆ ಬಡಿಸಿ, ತಾನು ಉಣ್ಣದೆ ಎದ್ದು ಹೋದಳು.

ಅವನು ನಿವೃತ್ತನಾದ ಮೂರನೆಯ ವರ್ಷ ಅವಳ ಗಂಟಲಲ್ಲಿ ಗಡ್ಡೆ ಕಾಣಿಸಿತು. ಆಪರೇಷನ್ ಆಯಿತು. ದನಿ ಹೋಯಿತು, ನುಂಗುವುದು ಹೋಯಿತು. ಹೊಟ್ಟೆಗೇ ತೂತು ಮಾಡಿ ಒಂದು ರಬ್ಬರ್ ಕೊಳವೆ ಇಟ್ಟು ಕಳಿಸಿದರು. ಇನ್ನು ಮೇಲೆ ಗಂಜಿ, ಹಾಲು, ನೀರು, ಮಾತ್ರೆ ಎಲ್ಲವೂ ಅದರಲ್ಲೇ. ಕಂಪೌಂಡರ್‌ನ ಕೈ ಪಳಗಿದ ಕೈ. ಮಾತ್ರೆಯನ್ನು ಪಿಂಗಾಣಿ ಕುಟ್ಟಾಣಿಯಲ್ಲಿ ನುಣ್ಣಗೆ ಅರೆದು, ಉಗುರು ಬೆಚ್ಚಗಿನ ನೀರಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ, ದಪ್ಪ ಸಿರಿಂಜನ್ನು ಎತ್ತಿ ಹಿಡಿದು ನಿಧಾನ ಇಳಿಯಬಿಡುತ್ತಿದ್ದ. ಕೊನೆಗೆ ಎರಡು ಚಮಚ ನೀರು ಬಿಟ್ಟು ಕೊಳವೆ ತೊಳೆಯುತ್ತಿದ್ದ. ಒಂದು ಹನಿ ಅವಳ ಸೀರೆಯ ಮೇಲೆ ಬಿದ್ದದ್ದಿಲ್ಲ.

ಅವಳು ಸ್ಲೇಟು ಹಿಡಿದಳು. ಮೊದಲು ಬರೆದದ್ದು, 'ಇನ್ನು ನೀವು ಹೇಳಿದ್ದೇ ಕೊನೆ ಮಾತು, ಖುಷಿನಾ?' ಎಂದು.

ಆಪರೇಷನ್ ಆದ ಮೇಲಿನ ಮೊದಲ ಭಾನುವಾರ ಅವಳು ಇಪ್ಪತ್ತೆರಡು ಮೆಟ್ಟಿಲನ್ನು ನಾಲ್ಕು ಕಡೆ ನಿಂತು ಹತ್ತಿದಳು. ರೊಟ್ಟಿಯ ತಟ್ಟೆ ಬಂತು. ಅದನ್ನು ತೊಡೆಯ ಮೇಲೆ ಒಂದು ಗಳಿಗೆ ಇಟ್ಟುಕೊಂಡು, ಪಕ್ಕದವಳಿಗೆ ದಾಟಿಸಿದಳು. ಬಟ್ಟಲೂ ಹಾಗೇ ದಾಟಿತು. ಮರುವಾರ ಮನೆಯಲ್ಲಿ ಸ್ಲೇಟಿನ ಮೇಲೆ ಬರೆದಳು: 'ಮಾತ್ರೆ ಅರೆಯೋ ಹಾಗೆ ರೊಟ್ಟೀನೂ ಅರೆದು ಬಿಡಬಹುದಲ್ಲಾ?'

ಅವನು ಸ್ಲೇಟನ್ನು ಎರಡೆರಡು ಸಲ ಓದಿದ. ಆದರೂ ಬಾಯಿಗೆ ಬಂದದ್ದು ಬಾಯಿಗೆ ರೂಢಿಯಾದ ಮಾತೇ. "ತಿನ್ನಬೇಕು ಅಂತ ಇದೆ ಕಣೇ. ಕೊಳವೇಲಿ ಬಿಡಿ ಅಂತ ಎಲ್ಲೂ..." ಎಂದು ಅಲ್ಲಿಗೇ ನಿಲ್ಲಿಸಿದ. ಅವಳು ಸ್ಲೇಟನ್ನು ಸೆರಗಿನಿಂದ ಒರೆಸಿದಳು.

ಹೀಗೆ ಹನ್ನೊಂದು ಭಾನುವಾರ ತಟ್ಟೆ ಅವಳ ತೊಡೆಯ ಮೇಲೆ ನಿಂತು ಮುಂದೆ ಹೋಯಿತು. ಹನ್ನೆರಡನೆಯದಕ್ಕೆ ಅವಳಿಗೆ ಮೆಟ್ಟಿಲು ಹತ್ತಲಾಗಲಿಲ್ಲ. ಗಡ್ಡೆ ಮತ್ತೆ ಚಿಗುರಿತ್ತು. ಹೆಚ್ಚೆಂದರೆ ಎರಡು ತಿಂಗಳು ಎಂದರು ಡಾಕ್ಟರು. ಇಸ್ತ್ರಿ ಅಂಗಡಿಯ ಅಕ್ಕ ದಿನವೂ ಮಧ್ಯಾಹ್ನ ಬಂದು ಅವಳ ತಲೆ ಬಾಚಿ, ಬೆನ್ನಿಗೆ ಪೌಡರ್ ಹಾಕಿ, ಹಾಸಿಗೆ ಬಟ್ಟೆ ಬದಲಾಯಿಸಿ ಹೋಗುತ್ತಿದ್ದಳು. ತನ್ನ ತಾಯಿಯ ವಿಷಯ ಒಮ್ಮೆಯೂ ಎತ್ತಲಿಲ್ಲ. ಎತ್ತಿ ಬೈದಿದ್ದರೇ ವಾಸಿಯಿತ್ತೆಂದು ಕಂಪೌಂಡರ್‌ಗೆ ಅನಿಸುತ್ತಿತ್ತು. ಅವಳು ಬರುವ ಹೊತ್ತಿಗೆ ಅವನು ಅಡುಗೆಮನೆಯಲ್ಲಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತ ನಿಲ್ಲುತ್ತಿದ್ದ.

ಒಂದು ಬೆಳಿಗ್ಗೆ ಅವನು ಕುಟ್ಟಾಣಿಯಲ್ಲಿ ಅವಳ ರಕ್ತದೊತ್ತಡದ ಮಾತ್ರೆ ಅರೆಯುತ್ತಿದ್ದಾಗ, ಅವಳು ದಿಂಬಿನ ಕೆಳಗಿನಿಂದ ಹಳೆಯ ಚೀಟಿಯೊಂದನ್ನು ತೆಗೆದು ಅವನ ಮುಂದೆ ಹಿಡಿದಳು. ಆ ಮಾತ್ರೆಯದೇ ಚೀಟಿ, ಗಡ್ಡೆ ಗಿಡ್ಡೆ ಏನೂ ಇಲ್ಲದ ಕಾಲದ್ದು. ಮಾತ್ರೆ ಒಂದು, ದಿನಕ್ಕೊಮ್ಮೆ, ತಿಂಡಿಯ ನಂತರ. ಆಮೇಲೆ ಸ್ಲೇಟು ತೋರಿಸಿದಳು. 'ಅರೆದು ನೀರಲ್ಲಿ ಕದಡಿ ಅಂತ ಇದರಲ್ಲಿ ಎಲ್ಲಿ ಬರ್ದಿದೆ?'

"ಇನ್ನೇನ್ ಮಾಡ್ಲಿ, ನುಂಗೋಕೆ ಆಗಲ್ವಲ್ಲ ನಿಂಗೆ" ಎಂದ ಅವನು. "ಮಾತ್ರೆ ಒಳಗೆ ಹೋಗ್ಲಿ ಅಂತ ತಾನೇ ಡಾಕ್ಟ್ರು ಬರ್ದಿರೋದು?"

ಹೇಳಿದ ಮೇಲೆ ಅವನಿಗೇ ಕೇಳಿಸಿತು, ತಾನೇನು ಹೇಳಿದೆನೆಂದು. ಅವಳು ಬಳಪವನ್ನು ಕೆಳಗಿಟ್ಟು ಅವನನ್ನೇ ನೋಡುತ್ತ ಮಲಗಿದ್ದಳು. ಕಂಪೌಂಡರ್‌ಗೆ ನಲವತ್ತು ವರ್ಷ ಊರಿಗೆಲ್ಲ ಕೇಳಿದ ಪ್ರಶ್ನೆಯನ್ನು ತನ್ನ ಕೈಗೇ ಕೇಳಿಕೊಂಡಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಭಯವಾಯಿತು, ಯಾಕೆಂದರೆ ಎರಡು ತಿಂಗಳಲ್ಲಿ ಹದಿನೆಂಟು ದಿನ ಆಗಲೇ ಕಳೆದಿತ್ತು.

"ಈ ಭಾನುವಾರ ತರ್ತೀನಿ" ಎಂದ.

ಅವಳು ಬರೆದಳು: 'ಸಭೆ ಒಪ್ಪಿದ್ರೆ ಮಾತ್ರ. ಕದ್ದು ತಂದ್ರೆ ಬೇಡ. ಎಲ್ಲರೂ ಸೇರಿ ಕೊಟ್ರೇನೇ ಅದು ಕರ್ತನ ರೊಟ್ಟಿ, ಇಲ್ಲಾಂದ್ರೆ ಬರೀ ಹಿಟ್ಟು.'

ಭಾನುವಾರ ಸಭೆ ಚದುರಿದ ಮೇಲೆ ಮೂವರೂ ಹಿರಿಯರು ಕೂತರು. ಕಂಪೌಂಡರ್ ಜೀವನದಲ್ಲಿ ಮೊದಲ ಸಲ ಬರೆದಿಲ್ಲದ್ದರ ಪರ ವಾದ ಮಾಡಿದ. ರೊಟ್ಟಿ ಅದೇ, ದ್ರಾಕ್ಷಾರಸ ಅದೇ. ಬಾಯಿಯ ಬದಲು ಕೊಳವೆ, ಸಭೆಯ ಬದಲು ಹಾಸಿಗೆ. ಇದು ಸೇರಿಸಿದ್ದಲ್ಲ, ಹೇಳಿದ್ದನ್ನು ಮಾಡಲು ಒಂದು ಅನುಕೂಲ, ಆ ಫ್ಯಾನ್ ಇದ್ದ ಹಾಗೆ.

ವೆಲ್ಡರ್ ತಲೆ ತಗ್ಗಿಸಿ ನೋಟ್‌ಬುಕ್‌ನ ಹಾಳೆ ತಿರುವುತ್ತಿದ್ದ. ಇಷ್ಟು ವರ್ಷಗಳಲ್ಲಿ ಅಂಥ ನೋಟ್‌ಬುಕ್‌ಗಳು ಮೂರಾಗಿದ್ದವು. "ಫ್ಯಾನ್ ಇಲ್ದೇ ಇದ್ರೂ ಕೂಡಿ ಬರಬಹುದು ಅಣ್ಣ. ಬಾಯಿಲ್ದೇ ತಿನ್ನೋಕಾಗುತ್ತಾ? ತಿನ್ನಿ, ಕುಡೀರಿ ಅಂತಾನೇ ಇರೋದು. ಹೊಟ್ಟೆಗೆ ಬಿಡಿ ಅಂತ ಎಲ್ಲಿದೆ?"

"ಬೇಡ ಅಂತ ಎಲ್ಲಿದೆ?" ಎಂದ ಕಂಪೌಂಡರ್.

 ಮೇಷ್ಟ್ರು ಕೊಡೆಯ ಹಿಡಿಯನ್ನು ಒರೆಸತೊಡಗಿದರು. ವೆಲ್ಡರ್‌ನ ಕಣ್ಣಲ್ಲಿ ನೀರು ತುಂಬಿತ್ತು. ಅವನಿಗೆ ಅತ್ತಿಗೆಯ ಮೇಲೆ ಪ್ರಾಣ. ಆದರೂ ಓದಿದ. "'ಕನಿಕರದ ಹೆಸರಲ್ಲೇ ಎಲ್ಲ ಹೊಸದೂ ಒಳಗೆ ನುಗ್ಗೋದು.' ನೀವು ಹೇಳಿದ್ದು ಅಣ್ಣ, ಇಸ್ತ್ರಿ ಅಕ್ಕ ಬಂದು ಕೇಳಿದ ದಿನ. ಅವ್ರ ತಾಯಿಗೆ ಒಂದು ನ್ಯಾಯ, ನಮ್ಮ ಅತ್ತಿಗೆಗೆ ಒಂದು ನ್ಯಾಯ ಅಂದ್ರೆ ನಾಳೆ ಅಕ್ಕನ ಮುಖ ಹೇಗೆ ನೋಡೋದು?"

ಗುರುವಿಗೇ ತಿರುಮಂತ್ರ. ಶಿಷ್ಯನಲ್ಲಿ ಕೊಂಕಿರಲಿಲ್ಲ, ಹೇಳಿಕೊಟ್ಟ ಪಾಠವನ್ನು ಒಂದಕ್ಷರ ಬಿಡದೆ ಒಪ್ಪಿಸಿದ್ದ. ಕಂಪೌಂಡರ್ ಮೇಷ್ಟ್ರ ಕಡೆ ನೋಡಿದ. "ದೇವ್ರು ಅವ್ರ ಮನಸ್ಸು ನೋಡ್ತಾನೆ ಬಿಡಿ" ಎಂದರು ಮೇಷ್ಟ್ರು, ಕೊಡೆಯನ್ನೇ ನೋಡುತ್ತ. ಅಲ್ಲಿಗೆ ಬೇಡವೆಂದವರು ಇಬ್ಬರಾದರು. ಇಬ್ಬರು ಬೇಡವೆಂದರೆ ಬೇಡ. ಆ ನಿಯಮ ಮಾಡಿದವನೂ ಅವನೇ.

ಅವರಿಬ್ಬರೂ ಇಳಿದು ಹೋದ ಮೇಲೆ ಬಟ್ಟಲು ತೊಳೆಯಲು ಅವನು ಉಳಿದ. ಯಾವಾಗಲೂ ಅವನದೇ ಕೆಲಸ ಅದು. ತಟ್ಟೆಯಲ್ಲಿ ಒಂದು ಬೆರಳಗಲ ರೊಟ್ಟಿ ಮಿಕ್ಕಿತ್ತು, ಬಟ್ಟಲ ತಳದಲ್ಲಿ ಒಂದೆರಡು ಗುಟುಕು. ಅವನು ಜೇಬಿನಿಂದ ಬಿಳಿ ಕಾಗದ ತೆಗೆದು, ಮೂವತ್ತೆಂಟು ವರ್ಷ ಮದ್ದಿನ ಪುಡಿ ಕಟ್ಟಿದ ಬೆರಳುಗಳಿಂದ ರೊಟ್ಟಿಯನ್ನು ಪೊಟ್ಟಣ ಕಟ್ಟಿದ. ದ್ರಾಕ್ಷಾರಸವನ್ನು ಕುದಿಸಿ ಒಣಗಿಸಿದ ಪುಟ್ಟ ಬಾಟಲಿಗೆ ಬಗ್ಗಿಸಿದ. ಬಾಟಲಿಯನ್ನು ಬೆಳಿಗ್ಗೆಯೇ ತಂದಿದ್ದ. ಅಂದರೆ ಅವರು ಒಪ್ಪುವುದಿಲ್ಲವೆಂದು ಅವನಿಗೆ ಮೊದಲೇ ಗೊತ್ತಿತ್ತೋ ಏನೋ.

ಮನೆಯಲ್ಲಿ ಅವಳು ಬಾಗಿಲ ಕಡೆಗೇ ಮುಖ ಮಾಡಿ ಮಲಗಿದ್ದಳು. ಪೊಟ್ಟಣ ನೋಡಿದವಳೇ ಸ್ಲೇಟು ಎತ್ತಿದಳು. ಬರೆದೇ ಇಟ್ಟಿದ್ದಳು. 'ಒಪ್ಪಿದ್ರಾ?'

ರೊಟ್ಟಿ ಅರೆಯಬೇಕೋ ಬೇಡವೋ, ಮನೆಗೆ ಒಯ್ಯಬೇಕೋ ಬೇಡವೋ, ಇದರ ಬಗ್ಗೆ ಗ್ರಂಥ ಏನೂ ಹೇಳದಿರಬಹುದು. ಸುಳ್ಳಾಡಬೇಡ ಎಂಬುದನ್ನು ಮಾತ್ರ ಸ್ಪಷ್ಟವಾಗಿ, ಒಂದಲ್ಲ ಹತ್ತು ಕಡೆ ಹೇಳಿದೆ. ಅದನ್ನು ಕಂಪೌಂಡರ್‌ಗಿಂತ ಚೆನ್ನಾಗಿ ಬಲ್ಲವರು ಆ ಸಭೆಯಲ್ಲಿ ಇರಲಿಲ್ಲ. ಅವನು ಅವಳ ಕಣ್ಣನ್ನೇ ನೋಡಿ ಹೇಳಿದ:

"ಒಪ್ಪಿದ್ರು. ಮೂವರೂ."

ಕೈ ತೊಳೆದು, ಪ್ರಾರ್ಥನೆ ಮಾಡಿ, ರೊಟ್ಟಿಯನ್ನು ಅರೆದ. ಕದಡಿದ, ಸೋಸಿದ. ಸಿರಿಂಜ್ ಎತ್ತಿ ಹಿಡಿದಾಗ ಮೊದಲ ಬಾರಿಗೆ ಒಂದು ಹನಿ ಅವಳ ಸೀರೆಗೆ ಬಿತ್ತು. ಅವಳು ಕಣ್ಣು ಮುಚ್ಚಿಕೊಂಡಿದ್ದಳು. ಬಾಯಲ್ಲಿ ಏನೂ ಇಲ್ಲದಿದ್ದರೂ ಅವಳ ದವಡೆ ಮೆಲ್ಲಗೆ ಆಡುತ್ತಿತ್ತು.

ಅಲ್ಲಿಗೆ ಮುಗಿದಿದ್ದರೆ ಆಗುತ್ತಿತ್ತು. ಸಂಜೆ ಅವಳು ಕಾಗದ ಕೇಳಿದಳು. ಸ್ಲೇಟಲ್ಲ, ಕಾಗದ. ಅರ್ಧ ಗಂಟೆ ಹಿಡಿದು ನಾಲ್ಕು ಸಾಲು ಬರೆದು ಅವನ ಕೈಗಿತ್ತಳು. 'ಸಭೆಯ ಎಲ್ಲರಿಗೂ. ನನಗೋಸ್ಕರ ನೀವು ಮನಸ್ಸು ದೊಡ್ಡದು ಮಾಡಿದಿರಿ. ಇವತ್ತು ನಾನು ನಿಮ್ಮೆಲ್ಲರ ಜೊತೆ ಬೆಂಚಲ್ಲಿ ಕೂತಂಗಾಯ್ತು. ಇನ್ನು ನನಗೆ ಹೆದರಿಕೆ ಇಲ್ಲ.' ಮುಂದಿನ ಭಾನುವಾರ ಎದ್ದು ನಿಂತು ಇದನ್ನು ಎಲ್ಲರೆದುರು ಓದಬೇಕು ಎಂದು ಸ್ಲೇಟಿನಲ್ಲಿ ಬೇರೆ ಬರೆದು, ಓದಬೇಕು ಎಂಬುದರ ಕೆಳಗೆ ಗೆರೆ ಎಳೆದಳು.

ಭಾನುವಾರ ಕಾಗದ ಅವನ ಜೇಬಲ್ಲೇ ಮೆಟ್ಟಿಲು ಹತ್ತಿ ಜೇಬಲ್ಲೇ ಇಳಿಯಿತು. ಏನಂದರು ಎಂದು ಅವಳು ಕೇಳಿದಳು. ಒಂದು ಸುಳ್ಳು ಹೊಕ್ಕ ಬಾಗಿಲಲ್ಲಿ ಇನ್ನೊಂದು ಹೊಗಲು ಏನು ಕಷ್ಟ? "ಎಲ್ರೂ ಆಮೆನ್ ಅಂದ್ರು. ವೆಲ್ಡರ್ ಅತ್ತುಬಿಟ್ಟ" ಎಂದ. ಅವಳು ಖುಷಿಯಿಂದ 'ಪಾಪ, ಮೆತ್ತನೆ ಮನಸ್ಸು' ಎಂದು ಬರೆದಳು. ಮರುವಾರ ಅವಳಿಗೆ ವಿವರ ಬೇಕಾಯಿತು. ಮೇಷ್ಟ್ರು ಏನಂದರು, ಇಸ್ತ್ರಿ ಅಕ್ಕನಿಗೆ ಬೇಜಾರಾಗಲಿಲ್ಲ ತಾನೇ? ಅಕ್ಕನ ಹತ್ತಿರ ಈ ಮಾತೆತ್ತಬೇಡ, ತಾಯಿಯ ನೆನಪಾಗಿ ಅಳುತ್ತಾಳೆ ಎಂದು ಅವನು ಅದಕ್ಕೂ ಬೇಲಿ ಹಾಕಿದ. ಹೀಗೆ ಐದು ಭಾನುವಾರ. ಪ್ರತಿವಾರವೂ ಪೊಟ್ಟಣ ಬಂತು, ಪ್ರತಿವಾರವೂ ಒಂದು ಹೊಸ ಸುಳ್ಳು ಬಂತು, ಪ್ರತಿವಾರವೂ ಅವಳ ಮುಖದಲ್ಲಿ ನೋವು ಒಂದಿಷ್ಟು ಹೊತ್ತು ದೂರ ನಿಂತಂತೆ ಕಂಡಿತು. ಆರನೆಯ ವಾರ, ಬುಧವಾರ ಬೆಳಿಗ್ಗೆ, ಅವನು ಗಂಜಿ ಸೋಸಿಕೊಂಡು ಬರುವಷ್ಟರಲ್ಲಿ ಅವಳ ಉಸಿರು ನಿಂತಿತ್ತು.

ಮಣ್ಣು ಮಾಡಿದ ಮೇಲಿನ ಮೊದಲ ಭಾನುವಾರ, ಹಾಡು ಮುಗಿದು ರೊಟ್ಟಿ ಮುರಿಯುವ ಮೊದಲು, ಕಂಪೌಂಡರ್ ಎದ್ದು ನಿಂತು ಜೇಬಿನಿಂದ ಕಾಗದ ತೆಗೆದ. ಓದಿದೆ ಎಂದು ಅವಳಿಗೆ ಹೇಳಿಯಾಗಿತ್ತು. ಆಡಿದ ಸುಳ್ಳುಗಳಲ್ಲಿ ಅದೊಂದನ್ನಾದರೂ ತಡವಾಗಿಯಾದರೂ ನಿಜ ಮಾಡಬಹುದಿತ್ತು. ನಾಲ್ಕೂ ಸಾಲು ಓದಿದ. 'ಮನಸ್ಸು ದೊಡ್ಡದು ಮಾಡಿದಿರಿ' ಎಂಬಲ್ಲಿ ನಿಂತು, ಮತ್ತೆ ಮೊದಲಿಂದ ಓದಿದ. ಆಮೇಲೆ ತಾನು ಮಾಡಿದ್ದನ್ನೆಲ್ಲ ಹೇಳಿದ: ಹಿರಿಯರು ಬೇಡವೆಂದದ್ದು, ತಾನು ಒಯ್ದದ್ದು, ಒಪ್ಪಿದರು ಎಂದು ಸುಳ್ಳು ಹೇಳಿದ್ದು. ಯಾರೂ ಆಮೆನ್ ಅನ್ನಲಿಲ್ಲ. ಇಸ್ತ್ರಿ ಅಂಗಡಿಯ ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದಳು. ಅವಳು ಅತ್ತದ್ದು ಯಾರಿಗೆಂದು ಕೇಳುವ ಧೈರ್ಯ ಕಂಪೌಂಡರ್‌ಗೆ ಇರಲಿಲ್ಲ.

ಸಭೆಯ ನಂತರ ಹಿರಿಯರಿಬ್ಬರೂ ಅವನನ್ನು ಕೂರಿಸಿಕೊಂಡರು. ರೊಟ್ಟಿಯ ವಿಷಯ ಅವರು ಎತ್ತಲೇ ಇಲ್ಲ. ಅದರಲ್ಲಿ ವಾದಕ್ಕೆ ಜಾಗವಿತ್ತು. ಸುಳ್ಳಿನಲ್ಲಿ ಇರಲಿಲ್ಲ. ತಿಳಿದೂ ತಿಳಿದೂ ಸುಳ್ಳಾಡಿದವನನ್ನು ರೊಟ್ಟಿಯ ಮೇಜಿನಿಂದ ದೂರ ಇಡಬೇಕು, ಪಶ್ಚಾತ್ತಾಪಪಟ್ಟರೆ ಸೇರಿಸಿಕೊಳ್ಳಬೇಕು. ಎರಡೂ ಬರೆದಿದ್ದವು.

"ತಪ್ಪಾಯ್ತು ಅಂತ ಒಂದು ಮಾತು ಅನ್ನಿ ಅಣ್ಣ" ಎಂದು ವೆಲ್ಡರ್ ಅವನ ಮೊಣಕಾಲು ಹಿಡಿದುಕೊಂಡ. "ಇಲ್ಲೇ, ಈಗಲೇ ಮುಗೀತು. ಮುಂದಿನ ವಾರ ನೀವೇ ರೊಟ್ಟಿ ಮುರೀರಿ."

 ಕಂಪೌಂಡರ್‌ಗೆ ಆ ಒಂದು ಮಾತು ಬೇಕಿತ್ತು. ಆ ಸಭೆ ಬಿಟ್ಟರೆ ಅವನಿಗೆ ಈ ಲೋಕದಲ್ಲಿ ಹತ್ತಲು ಬೇರೆ ಮೆಟ್ಟಿಲಿರಲಿಲ್ಲ. ಮನಸ್ಸಿನ ಮೂಲೆ ಮೂಲೆ ಹುಡುಕಿದ. ಆ ಮಾತು ಅಲ್ಲಿರಲಿಲ್ಲ.

"ಅವಳು ಎದ್ದು ಬಂದು ಮತ್ತೆ ಕೇಳಿದ್ರೆ, ಒಪ್ಪಿದ್ರು ಅಂತಾನೇ ಹೇಳ್ತೀನಪ್ಪ" ಎಂದ. "ಪಶ್ಚಾತ್ತಾಪ ಆಗಿಲ್ಲ. ಆಯ್ತು ಅಂದ್ರೆ ಅದು ಇನ್ನೊಂದು ಸುಳ್ಳು."

"ಯಾವುದಕ್ಕೂ ಇಲ್ವಾ ಅಣ್ಣ? ಅಷ್ಟು ಕಲ್ಲಾದ್ರಾ?"

"ಇದೆ. ಅವಳು ತಟ್ಟೆ ತೊಡೆ ಮೇಲಿಟ್ಟುಕೊಂಡು ದಾಟಿಸಿದ್ಲಲ್ಲ, ಆ ಹನ್ನೊಂದು ಭಾನುವಾರಕ್ಕೆ ಇದೆ. ಇಸ್ತ್ರಿ ಅಕ್ಕನ ತಾಯಿಗೆ ಇದೆ. ಅದು ನೆನಪಾದ್ರೆ ನಂಗೆ ನಿದ್ದೆ ಬರಲ್ಲ." ಅವನು ವೆಲ್ಡರ್‌ನ ಕೈಯನ್ನು ಮೊಣಕಾಲಿನಿಂದ ಮೆಲ್ಲಗೆ ಬಿಡಿಸಿದ. "ಆದ್ರೆ ಅದಕ್ಕೆ ನನ್ನನ್ನ ಹೊರಗೆ ಹಾಕ್ಬೇಕು ಅಂತ ನಿಮ್ಮಲ್ಲಿ ಯಾರಿಗೂ ಅನ್ಸಲಿಲ್ಲ."

ಮುಂದಿನ ಭಾನುವಾರ ಅವನು ಬಂದು ಕೊನೆಯ ಬೆಂಚಿನಲ್ಲಿ, ಗೋಡೆಗೆ ಒತ್ತಿಕೊಂಡು ಕೂತ. ರೊಟ್ಟಿಯ ತಟ್ಟೆ ಅವನ ಮುಂದಿನ ಸಾಲಿನವರೆಗೆ ಬಂದು, ಅಲ್ಲಿಂದಲೇ ತಿರುಗಿ ಮೇಜಿಗೆ ಹೋಯಿತು.